ಲೆಕ್ಕಕ್ಕೆ ಬಾರದ ಮರಗಳು

ವಾಣಿಜ್ಯ ವಿಭಾಗದ ನಮಗೆ ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ಒಂದು ಪಾಠ. ವಿಮಾನ ನಿಲ್ದಾಣದ ದಾರಿಯ ದಟ್ಟಣೆ ಇಳಿಸಲು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ.ಮೀ. ಸೇತುವೆ ಕಟ್ಟುವ ಯೋಜನೆಯಿತ್ತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಸರ್ಕಾರಿ ಲೆಕ್ಕದಂತೆ 812 ಮರಗಳು ಉರುಳಬೇಕಿತ್ತು. 2016ರ ಅಕ್ಟೋಬರ್‌ನಲ್ಲಿ ಜನ ಮಾನವ ಸರಪಳಿ ಕಟ್ಟಿ ‘ಬೇಡ’ ಎಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಮರ ಉಳಿದವು, ದಟ್ಟಣೆಯೂ ಉಳಿಯಿತು.

ಯೋಜನೆಯ ವೆಚ್ಚದಲ್ಲಿ ಉಕ್ಕು, ಕೂಲಿ ಸೇರುತ್ತವೆ. ನೆರಳು ಕಳೆದುಕೊಂಡವರ ನಷ್ಟ ಯಾರ ಖಾತೆಗೂ ಬರುವುದಿಲ್ಲ. ಅರ್ಥಶಾಸ್ತ್ರ ಇದನ್ನು ಬಾಹ್ಯ ವೆಚ್ಚ ಎನ್ನುತ್ತದೆ.

ಅನುಗೊಂಡನಹಳ್ಳಿಯ ರಸ್ತೆ ಅಗಲವಾದರೆ ನನಗೆ ಮೊದಲ ಪೀರಿಯಡ್ ತಪ್ಪುವುದಿಲ್ಲ. ಆದರೆ ನಾನು ಬಸ್ಸಿಗೆ ಕಾಯುವುದು ಮರದ ಕೆಳಗೇ. ಆದ್ದರಿಂದ ಮೊದಲು ಬಸ್ಸು ಹೆಚ್ಚಲಿ. ಆಮೇಲೂ ರಸ್ತೆ ಸಾಲದಿದ್ದರೆ, ಮರಗಳನ್ನೂ ಲೆಕ್ಕಕ್ಕೆ ಹಿಡಿದೇ ಅಗಲಿಸಲಿ.