ಟ್ರಂಕಿನಿಂದ ಇಂಟರ್ನೆಟ್ಟಿಗೆ: ಗಣಿ ಇತಿಹಾಸ ಬರೆದಿಟ್ಟವರ ನೋಟ್‌ಬುಕ್ ಉಳಿಸುವ ಬಗೆ, ಹಂತ ಹಂತವಾಗಿ

1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಶಾಸನ ಕಂಡವನು ಪುರಾತತ್ವದ ಪಂಡಿತನಲ್ಲ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂದು ವಿದ್ವಾಂಸರು ಗಟ್ಟಿಯಾಗಿ ಹೇಳಲು ಸಾಧ್ಯವಾದದ್ದು ಆ ಬಂಡೆಯಿಂದ. ಕಲ್ಲು ನೋಡುವುದೇ ಕಸುಬಾಗಿದ್ದವನ ಕಣ್ಣಿಗೆ ಅಕ್ಷರ ಬಿತ್ತು, ಅಷ್ಟೆ. ಗಣಿ ಸೀಮೆಯಲ್ಲಿ ನಡೆದಾಡಿ ಬರೆದಿಟ್ಟವರ ಟಿಪ್ಪಣಿಗಳಿಗೆ ಬೆಲೆ ಬರುವುದೂ ಹೀಗೆಯೇ. ಬರೆದವರು ಏನನ್ನೋ ಹುಡುಕುತ್ತಿರುತ್ತಾರೆ, ಐವತ್ತು ವರ್ಷದ ಮೇಲೆ ಓದುವವರಿಗೆ ಬೇರೆಯೇ ಏನೋ ಸಿಗುತ್ತದೆ.

ಕೋಲಾರದ ಚಿನ್ನದ ಗಣಿಯ ವಿಷಯವನ್ನೇ ತೆಗೆದುಕೊಳ್ಳಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂತು, 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು, 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಇದೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಆ ವಿದ್ಯುತ್ತು ಕಾರ್ಮಿಕರ ಲೈನ್ ಮನೆಗಳಿಗೆ ಯಾವಾಗ ಬಂತು, ಶಿಫ್ಟ್ ಮುಗಿಸಿ ಬಂದವರು ಎಲ್ಲಿ ಸ್ನಾನ ಮಾಡುತ್ತಿದ್ದರು, ಬಂಡೆ ಸಿಡಿದ ದಿನ ಶಾಫ್ಟಿನ ಬಾಯಲ್ಲಿ ಹೆಂಗಸರು ಯಾವ ಹೊತ್ತಿನವರೆಗೆ ನಿಂತಿದ್ದರು? ಇಂಥವು ಸಿಗುವುದು ಸೈಕಲ್ಲಿನಲ್ಲಿ ಊರೂರು ತಿರುಗಿದ ಯಾರೋ ಮೇಷ್ಟ್ರ ನೋಟ್‌ಬುಕ್ಕಿನಲ್ಲಿ. ಅಂಥದೊಂದು ಕಟ್ಟು ನಿಮ್ಮ ಕೈಗೆ ಬಂದಿದ್ದರೆ ಈ ಬರಹ ನಿಮಗಾಗಿ. ದುಬಾರಿ ಯಂತ್ರ ಬೇಕಿಲ್ಲ. ಒಂದು ಫೋನು, ಒಂದು ಕಂಪ್ಯೂಟರು, ಒಂದು ರಿಜಿಸ್ಟರು, ಕೆಲವು ಭಾನುವಾರ ಸಾಕು.

ಹಂತ 1: ಮುಚ್ಚಳ ತೆಗೆಯಿರಿ, ಕೈ ಹಾಕಬೇಡಿ

ಮೊದಲ ದಿನ ಏನನ್ನೂ ಹೊರಗೆ ತೆಗೆಯಬೇಡಿ. ಟ್ರಂಕು ಹೇಗಿದೆಯೋ ಹಾಗೇ ಮೇಲಿನಿಂದ ಫೋಟೊ ತೆಗೆಯಿರಿ. ಆಮೇಲೆ ಒಂದೊಂದೇ ಪದರ ಎತ್ತುತ್ತ, ಪ್ರತಿ ಪದರಕ್ಕೂ ಒಂದು ಫೋಟೊ. ಯಾವ ಪುಸ್ತಕದ ಪಕ್ಕ ಯಾವುದಿತ್ತು, ಯಾವ ಚೀಟಿ ಯಾವ ಪುಟದ ನಡುವೆ ಇತ್ತು ಎಂಬುದೂ ಮಾಹಿತಿಯೇ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಮೊದಲ ಸಲ ಈ ಕೆಲಸಕ್ಕೆ ಇಳಿದಾಗ ನೋಟ್‌ಬುಕ್ಕಿನ ನಡುವೆ ಒಂದು ರೈಲು ಟಿಕೆಟ್ಟು ಸಿಕ್ಕಿತು. ಹಳೆಯ ಕಾಲದ ದಪ್ಪ ರಟ್ಟಿನದು, ಹೆಬ್ಬೆರಳಿನಷ್ಟು ಅಗಲ, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ. ಕಸ ಎಂದು ಎತ್ತಿ ಬುಟ್ಟಿಗೆ ಹಾಕಿದೆ. ಆ ಪುಟದಲ್ಲಿ ಮೇಷ್ಟ್ರು ಊರಿನ ಹೆಸರು ಬರೆದಿದ್ದರು, ಮಾತಾಡಿದವರ ಹೆಸರು ಬರೆದಿದ್ದರು, ತಾರೀಖು ಬರೆದಿರಲಿಲ್ಲ. ತಾರೀಖು ಇದ್ದದ್ದು ಟಿಕೆಟ್ಟಿನ ಅಂಚಿನಲ್ಲಿ, ಸ್ಟೇಷನ್ನಿನವರು ಯಂತ್ರದಲ್ಲಿ ಒತ್ತಿದ ಗುರುತಾಗಿ. ಅದು ಹೊಳೆಯುವಷ್ಟರಲ್ಲಿ ಕಸದ ಗಾಡಿ ಹೋಗಿಯಾಗಿತ್ತು.

ಹಾಗಾಗಿ ವಿಷಯಕ್ಕೆ ತಕ್ಕಂತೆ ಜೋಡಿಸುತ್ತೇನೆ, ವರ್ಷಕ್ಕೆ ತಕ್ಕಂತೆ ಒಪ್ಪ ಮಾಡುತ್ತೇನೆ ಎಂಬ ಉತ್ಸಾಹ ಬೇಡ. ಜೋಡಣೆಯನ್ನು ಕಂಪ್ಯೂಟರಿನಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಟ್ರಂಕಿನಲ್ಲಿ ಒಮ್ಮೆ ಕದಡಿದರೆ ಮುಗಿಯಿತು.

ಹಂತ 2: ಮನೆಯವರ ಒಪ್ಪಿಗೆ, ಕಾಗದದ ಮೇಲೆ

ನೋಟ್‌ಬುಕ್ಕು ನಿಮ್ಮ ಕೈಲಿದೆ ಎಂದ ಮಾತ್ರಕ್ಕೆ ಅದರಲ್ಲಿನ ಬರಹ ನಿಮ್ಮದಾಗುವುದಿಲ್ಲ. ಭಾರತದಲ್ಲಿ ಬರೆದವರು ತೀರಿಕೊಂಡ ಮೇಲೂ ಬರಹದ ಹಕ್ಕು ಸಾಮಾನ್ಯವಾಗಿ 60 ವರ್ಷ ವಾರಸುದಾರರಿಗೆ ಇರುತ್ತದೆ. ಮಗ ಒಪ್ಪಿ ಮಗಳು ಒಪ್ಪದೆ ಹೋದರೆ ಪೇಚು. ಎಲ್ಲರನ್ನೂ ಕೂರಿಸಿ ಮಾತಾಡಿ. ಏನೇನು ಹಾಕುತ್ತೀರಿ, ಎಲ್ಲಿ ಹಾಕುತ್ತೀರಿ, ಯಾವುದನ್ನು ಹಾಕುವುದಿಲ್ಲ, ಮೂಲ ಪುಸ್ತಕ ಕೊನೆಗೆ ಯಾರ ಬಳಿ ಇರುತ್ತದೆ ಎಂಬ ನಾಲ್ಕು ಮಾತನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ವಕೀಲರ ಭಾಷೆ ಬೇಕಿಲ್ಲ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನೂ ಆಗಲೇ ವಿವರಿಸಿ. ‘ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಬದಲಿಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು’ ಎಂಬ ಬಗೆ ಇಂಥ ಕೆಲಸಕ್ಕೆ ಒಗ್ಗುತ್ತದೆ ಎಂದು ನನ್ನ ಅಭಿಪ್ರಾಯ. ಒಮ್ಮೆ ಕೊಟ್ಟದ್ದನ್ನು ವಾಪಸು ಪಡೆಯಲಾಗದು ಎಂಬುದನ್ನು ಮುಚ್ಚಿಡಬೇಡಿ. ಇನ್ನೊಂದು ಮಾತು: ನೋಟ್‌ಬುಕ್ಕಿಗೆ ಅಂಟಿಸಿದ ಪತ್ರಿಕೆಯ ತುಣುಕು, ಕಂಪನಿಯ ವರದಿಯ ಪ್ರತಿ ಇವುಗಳ ಹಕ್ಕು ಮೇಷ್ಟ್ರದೂ ಅಲ್ಲ, ಅವರ ಮಕ್ಕಳದೂ ಅಲ್ಲ. ಅವನ್ನು ಗುರುತು ಮಾಡಿ ಬೇರೆಯಾಗಿ ಇಡಿ.

ಹಂತ 3: ದೂಳು ಕೊಡವಿ, ಅದಕ್ಕಿಂತ ಹೆಚ್ಚು ಬೇಡ

ಮೂಗಿಗೆ ಬಟ್ಟೆ ಕಟ್ಟಿ, ಕೈ ತೊಳೆದು ಒರೆಸಿಕೊಂಡು, ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಒರೆಸಿ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪ್ಲರ್ ಪಿನ್ನುಗಳನ್ನು ನಿಧಾನಕ್ಕೆ ಬಿಡಿಸಿ, ಅವು ಕಾಗದವನ್ನು ತಿನ್ನುತ್ತವೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ: ಅಂಗಡಿಯವನು ಮಾಡಿಕೊಟ್ಟ ದಿನ ಚೆಂದ ಕಾಣುತ್ತದೆ, ಆಮೇಲೆ ಬಿಡಿಸುವ ದಾರಿಯೇ ಇಲ್ಲ. ಒದ್ದೆಯಾದ ಪುಸ್ತಕವನ್ನು ಬಿಸಿಲಿಗಿಡದೆ ಫ್ಯಾನಿನ ಗಾಳಿಗೆ ನೆರಳಲ್ಲಿ ಒಣಗಿಸಿ.

ಹಂತ 4: ಸ್ಕ್ಯಾನಿಗೂ ಮುಂಚೆ ಪಟ್ಟಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಉತ್ಸಾಹದಲ್ಲಿ ಸಾವಿರ ಪುಟ ಸ್ಕ್ಯಾನ್ ಮಾಡಿ ಬಿಸಾಡುತ್ತಾರೆ, ಆರು ತಿಂಗಳ ಮೇಲೆ ಯಾವುದು ಯಾವುದೆಂದು ಅವರಿಗೇ ತಿಳಿಯುವುದಿಲ್ಲ. ಸ್ಕ್ಯಾನ್ ಮಾಡುವುದು ಈ ಕೆಲಸದ ಸುಲಭದ ಭಾಗ. ಒಂದು ಪುಟವನ್ನು ಯಾರು, ಎಲ್ಲಿ ನಿಂತು, ಯಾರ ಬಾಯಿಂದ ಕೇಳಿ, ಯಾವಾಗ ಬರೆದರು ಎಂಬುದು ತಪ್ಪಿಹೋದರೆ ಉಳಿಯುವುದು ಹಳೆಯ ಕಾಗದದ ಚಿತ್ರ ಮಾತ್ರ.

ಪ್ರತಿ ಪುಸ್ತಕಕ್ಕೂ ಒಂದು ನಂಬರು ಕೊಡಿ. ಅದನ್ನು ರಟ್ಟಿನ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ, ಪೆನ್ನು ಮುಟ್ಟಬೇಡಿ. ಬಿಡಿ ಹಾಳೆಗೆ ಅದು ಸಿಕ್ಕ ಪುಸ್ತಕದ ನಂಬರು, ಜೊತೆಗೆ ಎಷ್ಟನೇ ಪುಟದ ನಡುವೆ ಎಂಬ ಗುರುತು. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಮಾಡಿ: ನಂಬರು, ಪುಟಗಳೆಷ್ಟು, ತಾರೀಖು, ಜಾಗ, ಭಾಷೆ, ವಿಷಯ ಒಂದೇ ಸಾಲಿನಲ್ಲಿ. ತಾರೀಖು ನಿಮ್ಮ ಊಹೆಯಾದರೆ ‘ಊಹೆ’ ಎಂದೇ ಬರೆಯಿರಿ.

ಜಾಗದ ಹೆಸರಿಗೆ ಹೆಚ್ಚು ಹೊತ್ತು ಕೊಡಿ. ಇಂದಿನ ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆ. ಊರಿಗಾಂ ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆ ಬರೆಯುತ್ತಾರೆ, ಇಂಗ್ಲಿಷ್ ಕಾಗುಣಿತ ಇನ್ನೊಂದು. ಚಾಂಪಿಯನ್ ರೀಫ್ ಎಂದರೆ ಗಣಿಯೂ ಹೌದು, ಸುತ್ತಲಿನ ಬಡಾವಣೆಯೂ ಹೌದು. ಕೋಷ್ಟಕದಲ್ಲಿ ಎರಡು ಕಾಲಂ ಇಡಿ, ಒಂದರಲ್ಲಿ ಮೇಷ್ಟ್ರು ಬರೆದ ಹಾಗೆ, ಇನ್ನೊಂದರಲ್ಲಿ ಈಗ ಎಲ್ಲರೂ ಬರೆಯುವ ಹಾಗೆ. ಹುಡುಕುವವನು ಯಾವ ಹೆಸರು ಒತ್ತಿದರೂ ಸಿಗಬೇಕು. ಭಾಷೆಯ ವಿಷಯವೂ ಹಾಗೆಯೇ. ಕೆಜಿಎಫ್‌ನಲ್ಲಿ ಮಾತು ತಮಿಳಿನಲ್ಲಿ ಶುರುವಾಗಿ ತೆಲುಗಿಗೆ ಹೊರಳಿ ಇಂಗ್ಲಿಷಿನ ಗಣಿ ಪದಗಳಲ್ಲಿ ಮುಗಿಯುವುದುಂಟು. ಕನ್ನಡ ಲಿಪಿಯಲ್ಲಿ ಬರೆದ ತಮಿಳು ಮಾತು ಕಂಡರೆ ಅದನ್ನು ಕನ್ನಡ ಎಂದು ನಮೂದಿಸಬೇಡಿ.

ಹಂತ 5: ಸ್ಕ್ಯಾನರೋ ಫೋನೋ

ಬಿಡಿ ಹಾಳೆಗಳಿಗೆ ಮೇಜಿನ ಮೇಲಿಡುವ ಚಪ್ಪಟೆ ಸ್ಕ್ಯಾನರ್ ಒಳ್ಳೆಯದು. ಹೊಲಿಗೆ ಸಡಿಲಾದ ಪುಸ್ತಕಕ್ಕೆ ಫೋನೇ ವಾಸಿ. ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿಯುತ್ತದೆ. ಕಪ್ಪು ಬಟ್ಟೆ ಹಾಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಕೂತು, ಫ್ಲ್ಯಾಷ್ ಆರಿಸಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನೆಟ್ಟಗೆ ಮೇಲಿನಿಂದ ತೆಗೆಯಿರಿ. ಅಳತೆ ತಿಳಿಯಲಿ ಎಂದು ಒಂದು ಸ್ಕೇಲು ಪಕ್ಕದಲ್ಲಿರಲಿ. ಫೋನಿನ ಸ್ಕ್ಯಾನ್ ಆ್ಯಪ್‌ಗಳು ಹಾಳೆಯನ್ನು ಬೆಳ್ಳಗೆ ಮಾಡುವ ಭರದಲ್ಲಿ ಪೆನ್ಸಿಲ್ ಬರಹವನ್ನೂ ಅಳಿಸಿಬಿಡುತ್ತವೆ. ಆ ಸೌಕರ್ಯ ಆಫ್ ಮಾಡಿ, ಯಾವಾಗಲೂ ಬಣ್ಣದಲ್ಲೇ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ.

ಸ್ಕ್ಯಾನರಿನಲ್ಲಾದರೆ ಕನಿಷ್ಠ 300 ಡಿಪಿಐ, ಸಣ್ಣ ಪೆನ್ಸಿಲ್ ಬರಹಕ್ಕೆ 400. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಉಳಿಸಿ. 400 ಡಿಪಿಐನಲ್ಲಿ ಎ4 ಅಳತೆಯ ಒಂದು ಬಣ್ಣದ ಚಿತ್ರ ಸುಮಾರು 46 ಎಂಬಿ ಆಗುತ್ತದೆ. ನೂರು ಚಿತ್ರಕ್ಕೆ ನಾಲ್ಕೂವರೆ ಜಿಬಿ. ಗಾಬರಿ ಬೇಡ, ಈಗಿನ ಹಾರ್ಡ್ ಡಿಸ್ಕಿಗೆ ಅದು ಲೆಕ್ಕವಲ್ಲ. ಹಂಚುವುದಕ್ಕೆ ಅದರಿಂದಲೇ ಚಿಕ್ಕ ಪಿಡಿಎಫ್ ಮಾಡಿಕೊಳ್ಳಿ. ಕಡತದ ಹೆಸರು ಇಂಗ್ಲಿಷ್ ಅಕ್ಷರ, ಅಂಕೆಗಳಲ್ಲಿ, ನಡುವೆ ಜಾಗ ಬಿಡದೆ ಇರಲಿ. ಪುಸ್ತಕದ ನಂಬರು, ಪುಟದ ನಂಬರು, ಅಷ್ಟೇ. ಪುಟಕ್ಕೆ 1 ಎಂದು ಕೊಡದೆ 001 ಎಂದು ಕೊಡಿ, ಇಲ್ಲವಾದರೆ ಎಷ್ಟೋ ಕಡೆ 2ಕ್ಕಿಂತ ಮುಂಚೆ 10 ಬಂದು ಕೂರುತ್ತದೆ.

ಗಣಿಯ ನಕಾಶೆ ಇದ್ದರೆ ಬೇರೆ ಎಚ್ಚರ. ಮಡಿಕೆ ಬಿಚ್ಚಿ ಒಂದು ದಿನ ಹಾಗೇ ಮಲಗಿಸಿ, ಆಮೇಲೆ ತುಂಡುತುಂಡಾಗಿ, ಒಂದರ ಅಂಚು ಇನ್ನೊಂದರಲ್ಲೂ ಬರುವಂತೆ ಫೋಟೊ ತೆಗೆಯಿರಿ. ರೋಲರಿನಲ್ಲಿ ಎಳೆಯುವ ಯಂತ್ರಕ್ಕೆ ಕೊಡಬೇಡಿ. ನೀಲಿ ನಕಾಶೆ ಬೆಳಕಿಗೆ ಬೇಗ ಮಾಸುತ್ತದೆ.

ಹಂತ 6: ಜರಡಿ ಹಿಡಿಯಿರಿ

ಎಲ್ಲವನ್ನೂ ಸ್ಕ್ಯಾನ್ ಮಾಡಿ, ಆದರೆ ಎಲ್ಲವನ್ನೂ ಹಾಕಬೇಡಿ. ಚಿನ್ನದ ಊರಿನ ಟಿಪ್ಪಣಿಯಲ್ಲಿ ಚಿನ್ನ ಕದ್ದವರ ಮಾತು ಬರದೆ ಇರುವುದಿಲ್ಲ. ಹೆಸರು ಸಮೇತ ಬಂದರೆ ಯೋಚಿಸಿ, ಅವರ ಮೊಮ್ಮಕ್ಕಳು ಅದೇ ಬೀದಿಯಲ್ಲಿದ್ದಾರೆ. ಯಾರಿಗೆ ಯಾವ ಕಾಯಿಲೆ ಇತ್ತು, ಯಾರ ಮನೆಯಲ್ಲಿ ಎಷ್ಟು ಸಾಲ, ಯಾರದು ಯಾವ ಜಾತಿ ಎಂಬ ವಿವರಕ್ಕೂ ಇದೇ ಮಾತು. ಅಂಥ ಪುಟವನ್ನು ಸದ್ಯಕ್ಕೆ ತಡೆಹಿಡಿದು, ‘ಈ ಪುಟ ಇದೆ, ಇಂಥ ಕಾರಣಕ್ಕೆ ತೋರಿಸಿಲ್ಲ’ ಎಂದು ಆ ಜಾಗದಲ್ಲಿ ಒಂದು ಹಾಳೆ ಇಡಿ. ಸದ್ದಿಲ್ಲದೆ ಕಿತ್ತರೆ ಓದುವವನಿಗೆ ಮೋಸ.

ಪಾಳುಬಿದ್ದ ಶಾಫ್ಟು, ಸುರಂಗದ ಬಾಯಿಗಳಿಗೆ ದಾರಿ ಹೇಳುವ ಪುಟಗಳನ್ನಂತೂ ತಡೆಹಿಡಿಯಲೇಬೇಕು. ಮುಚ್ಚಿದ ಗಣಿಗೆ ಇಳಿದು ಜೀವ ಕಳೆದುಕೊಂಡವರಿದ್ದಾರೆ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಹಂತ 7: ಏರಿಸುವುದು

ಹೊಸಬರಿಗೆ ಇಂಟರ್ನೆಟ್ ಆರ್ಕೈವ್ ಸುಲಭ. ಇಮೇಲ್ ಇದ್ದರೆ ಖಾತೆ ಬಿಟ್ಟಿಯಾಗಿ ಸಿಗುತ್ತದೆ. ಪುಸ್ತಕಕ್ಕೆ ಒಂದರಂತೆ ಪಿಡಿಎಫ್ ಏರಿಸಿ, ಕೋಷ್ಟಕದಲ್ಲಿ ಬರೆದದ್ದನ್ನೇ ಶೀರ್ಷಿಕೆ, ಲೇಖಕರು, ತಾರೀಖು, ಭಾಷೆ, ವಿವರಣೆಯ ಜಾಗಗಳಲ್ಲಿ ತುಂಬಿ. ವಿವರಣೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಕೊಂಡಿಯಲ್ಲಿ ಬರುವ ಗುರುತಿನ ಹೆಸರನ್ನು ಆಮೇಲೆ ನೀವೇ ಬದಲಿಸಲಾಗುವುದಿಲ್ಲ, ಆದ್ದರಿಂದ ಅದನ್ನು ನೋಡಿ ಕೊಡಿ. ಮೊದಲು ಒಂದೇ ಪುಸ್ತಕ ಏರಿಸಿ, ಮನೆಯವರಿಗೆ ತೋರಿಸಿ, ಆಮೇಲೆ ಉಳಿದವು.

ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಕಳಿಸಿದರೆ ಹಂಚಿದಂತಾಯಿತು ಎನ್ನುವವರಿದ್ದಾರೆ. ಅಲ್ಲಿ ಚಿತ್ರ ಕುಗ್ಗುತ್ತದೆ, ಮರುದಿನದ ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತುಹೋಗುತ್ತದೆ. ಕೊಂಡಿ ಕಳಿಸಿ, ಫೋಟೊ ಬೇಡ.

ಹಂತ 8: ನಕಲು, ಮತ್ತೂ ನಕಲು

ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಪೆನ್ ಡ್ರೈವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಯುಧಪೂಜೆಯ ದಿನ ಹಾರ್ಡ್ ಡಿಸ್ಕಿಗೂ ಕುಂಕುಮ ಇಡಿ; ಇಡುವ ಮುಂಚೆ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹತ್ತು ಕಡತ ತೆರೆದು ನೋಡಿ. ಮೂಲ ಪುಸ್ತಕಗಳನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಎತ್ತರದಲ್ಲಿಡಿ. ಸ್ಕ್ಯಾನ್ ಆಯಿತೆಂದು ರದ್ದಿಗೆ ಹಾಕಿದವರನ್ನು ನಾನು ಬಲ್ಲೆ. ಮನೆಯಲ್ಲಿ ಜಾಗವಿಲ್ಲದಿದ್ದರೆ ರಾಜ್ಯ ಪತ್ರಾಗಾರ ಇಲಾಖೆಯನ್ನೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವನ್ನೋ ವಿಚಾರಿಸಿ.

ಹಂತ 9: ಬೆರಳಚ್ಚು

ಚಿತ್ರವನ್ನು ಕಣ್ಣು ಓದುತ್ತದೆ, ಹುಡುಕುವ ಯಂತ್ರ ಓದುವುದಿಲ್ಲ. ಅಚ್ಚಾದ ಕನ್ನಡವನ್ನು ಗುರುತಿಸುವ ಸಾಫ್ಟ್‌ವೇರ್ ಈಗ ತಕ್ಕಮಟ್ಟಿಗೆ ಇದೆ, ಆದರೆ ಸೈಕಲ್ ನಿಲ್ಲಿಸಿ ಗೀಚಿದ ಕೈಬರಹಕ್ಕೆ ಅದನ್ನು ನಂಬಿ ಕೂರಬೇಡಿ. ಕೂತು ಟೈಪ್ ಮಾಡಬೇಕು, ಯೂನಿಕೋಡಿನಲ್ಲೇ ಮಾಡಬೇಕು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದು ಅಂತರ್ಜಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಹೊಟ್ಟಾಗಿ ಕಾಣುತ್ತದೆ. ಮೇಷ್ಟ್ರು ತಪ್ಪು ಕಾಗುಣಿತ ಬರೆದಿದ್ದರೆ ತಿದ್ದಬೇಡಿ. ಅಡಿಯಲ್ಲಿ ಬರೆದ ಆಳವನ್ನು ಮೀಟರಿಗೆ ತಿರುಗಿಸಬೇಡಿ.

ಒಂದು ಪುಟದಲ್ಲಿ ‘ಚಾಂ.ರೀ. 60 ಲೆ. ಟಿಂ.ಮ್ಯಾ. ಹೇಳಿದ್ದು’ ಎಂದಷ್ಟೇ ಇದೆ ಎಂದುಕೊಳ್ಳಿ. ಚಾಂಪಿಯನ್ ರೀಫ್, 60ನೇ ಲೆವೆಲ್, ಟಿಂಬರ್‌ಮ್ಯಾನ್ ಎಂದು ಬಿಡಿಸಲು ನಿಘಂಟು ನೆರವಾಗದು. ಅರವತ್ತನೇ ಲೆವೆಲ್ ಎಂದರೆ ಅರವತ್ತು ಅಡಿ ಅಲ್ಲ ಎಂದು ಥಟ್ಟನೆ ಹೇಳುವವರು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಜಗುಲಿಗಳ ಮೇಲೆ ಇನ್ನೂ ಕೂತಿದ್ದಾರೆ. 2001ರಲ್ಲಿ ಐವತ್ತೈದು ದಾಟಿದ್ದವರಿಗೆ ಈಗ ಎಂಬತ್ತರ ಆಜುಬಾಜು. ಒಂಬತ್ತನೆಯ ಹಂತ ಎಂದು ಇದನ್ನು ಕೊನೆಗೆ ಬರೆದಿದ್ದೇನೆ, ನೀವು ಮಾತ್ರ ಕೊನೆಗೆ ಇಟ್ಟುಕೊಳ್ಳಬೇಡಿ. ಅರ್ಥವಾಗದ ಪುಟಗಳ ಫೋಟೊ ಫೋನಿನಲ್ಲಿ ಹಾಕಿಕೊಂಡು ಈ ಭಾನುವಾರವೇ ಅವರ ಬಳಿ ಹೋಗಿ. ಸ್ಕ್ಯಾನರನ್ನು ಮುಂದಿನ ತಿಂಗಳು ಕೊಂಡರೂ ನಡೆಯುತ್ತದೆ.