ಪ್ರತಿ ಫೋಲ್ಡರಿಗೂ ಒಂದು ಕಾಪಿ ಬೇಕೇ?

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮದು ಡಿ.ಟಿ.ಪಿ. ಅಂಗಡಿ. ಹಳೆಯ ಗಿರಾಕಿಗಳ ಪುಸ್ತಕಗಳೆಲ್ಲ ನುಡಿಯಲ್ಲಿ ಟೈಪಾಗಿವೆ. ಅವನ್ನು ಯುನಿಕೋಡಿಗೆ ತಿರುಗಿಸಲು ತಮ್ಮನ ಮಗ ಪೈಥಾನ್ ಸ್ಕ್ರಿಪ್ಟೊಂದನ್ನು ಬರೆದುಕೊಟ್ಟಿದ್ದಾನೆ. ಅದಿರುವ ಫೋಲ್ಡರಿನಲ್ಲಿ ಹೆಸರಿನ ಹಿಂದೆ ಡಾಟ್-ಸ್ಲ್ಯಾಶ್ ಹಾಕಿದರೆ ಓಡುತ್ತದೆ. ಬೇರೆಡೆ ಬರೀ ಹೆಸರು ಹೊಡೆದರೆ ‘ಕಮಾಂಡ್ ನಾಟ್ ಫೌಂಡ್’. ಹೀಗಾಗಿ ಪ್ರತಿ ಪುಸ್ತಕದ ಫೋಲ್ಡರಿಗೂ ಅದನ್ನು ಕಾಪಿ ಮಾಡಿದ್ದೇನೆ. ಟೆಸರಾಕ್ಟ್ ಎಂಬ ಓ.ಸಿ.ಆರ್. ಪ್ರೋಗ್ರಾಮು ಮಾತ್ರ ಎಲ್ಲಿಂದ ಕರೆದರೂ ಬರುತ್ತದೆ. ಯಾಕ್ರೀ ಹೀಗೆ? ನನ್ನದು ಉಬುಂಟು.
— ಡಿ.ಟಿ.ಪಿ. ಅಂಗಡಿಯವರು, ಬೆಟಗೇರಿ

ಉತ್ತರ: ಮೊದಲು ಆ ಕಾಪಿ ಮಾಡುವುದನ್ನು ನಿಲ್ಲಿಸಿರಿ. ನುಡಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಇಂಥಲ್ಲೇ ಸ್ಕ್ರಿಪ್ಟುಗಳು ಎಡವುತ್ತವೆ. ಹುಡುಗ ನಾಳೆ ಅದನ್ನು ತಿದ್ದಿ ಕಳಿಸಿದರೆ, ಯಾವ ಫೋಲ್ಡರಿನಲ್ಲಿ ತಿದ್ದಿದ್ದು ಇದೆ, ಯಾವುದರಲ್ಲಿ ಹಳೆಯದು ಉಳಿದಿದೆ ಎಂದು ಹುಡುಕುತ್ತ ಕೂರಬೇಕಾಗುತ್ತದೆ.

ಬರೀ ಹೆಸರು ಕೊಟ್ಟಾಗ ಶೆಲ್ ನೀವಿರುವ ಫೋಲ್ಡರನ್ನು ನೋಡುವುದೇ ಇಲ್ಲ. ‘ಪಾತ್’ ಎಂಬ ವೇರಿಯಬಲ್‌ನಲ್ಲಿ ಫೋಲ್ಡರುಗಳ ಪಟ್ಟಿಯೊಂದಿದೆ, ನಡುವೆ ಕೋಲನ್. ಶೆಲ್ ಅದರಲ್ಲಿ ಎಡದಿಂದ ಹುಡುಕುತ್ತ ಬಂದು ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. 1979ರ ಯುನಿಕ್ಸ್ ಏಳನೆಯ ಆವೃತ್ತಿಯ ಬೋರ್ನ್ ಶೆಲ್‌ನಲ್ಲೂ ಇದೇ ಪದ್ಧತಿ. ಟೆಸರಾಕ್ಟ್ ಇರುವ ಯುಎಸ್‌ಆರ್-ಬಿನ್ ಆ ಪಟ್ಟಿಯಲ್ಲಿದೆ, ನಿಮ್ಮ ಫೋಲ್ಡರಿಲ್ಲ.

ಹೋಮ್ ಫೋಲ್ಡರಿನಲ್ಲಿ ‘ಬಿನ್’ ಎಂಬ ಫೋಲ್ಡರು ಮಾಡಿ ಸ್ಕ್ರಿಪ್ಟಿನ ಒಂದೇ ಪ್ರತಿ ಅಲ್ಲಿಡಿ. ಲಾಗೌಟ್ ಆಗಿ ಮತ್ತೆ ಬನ್ನಿ. ಉಬುಂಟುವಿನ ಡಾಟ್-ಪ್ರೊಫೈಲ್ ಆ ಫೋಲ್ಡರನ್ನು ಕಂಡರೆ ತಾನೇ ಪಟ್ಟಿಗೆ ಸೇರಿಸುತ್ತದೆ. ಸೇರದಿದ್ದರೆ ಡಾಟ್-ಬ್ಯಾಶ್‌ಆರ್‌ಸಿ ಕಡತದ ಕೊನೆಗೆ ಒಂದು ಸಾಲು ಬೇಕು: ಎಕ್ಸ್‌ಪೋರ್ಟ್, ಒಂದು ಸ್ಪೇಸ್, ಪಾತ್, ಸಮ ಚಿಹ್ನೆ, ಆಮೇಲೆ ಡಬಲ್ ಕೋಟ್‌ನೊಳಗೆ ಡಾಲರ್-ಪಾತ್, ಕೋಲನ್, ಡಾಲರ್-ಹೋಮ್, ಸ್ಲ್ಯಾಶ್, ಬಿನ್. ಪಾತ್, ಹೋಮ್ ಎರಡೂ ಕ್ಯಾಪಿಟಲ್‌ನಲ್ಲಿರಲಿ. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ. ಬಳಿಕ ಹೊಸ ಟರ್ಮಿನಲ್ ತೆರೆಯಿರಿ.

ಪಟ್ಟಿಯ ಮೊದಲಿಗೆ ಬರೀ ಚುಕ್ಕೆ ಸೇರಿಸಿ, ನೀವಿರುವ ಫೋಲ್ಡರೂ ಸೇರುತ್ತದೆ ಎಂದು ಯಾರಾದರೂ ಹೇಳಿಯಾರು. ದಯವಿಟ್ಟು ಬೇಡ. ಗಿರಾಕಿ ಕಳಿಸಿದ ಜಿಪ್ ಬಿಚ್ಚಿದಾಗ ಅದರಲ್ಲಿ ‘ಎಲ್‌ಎಸ್’ ಹೆಸರಿನ ಕೆಟ್ಟ ಪ್ರೋಗ್ರಾಮು ಇದ್ದರೆ, ಫೈಲುಗಳನ್ನು ನೋಡಲು ಹೋದ ನೀವೇ ಅದನ್ನು ಓಡಿಸಿಬಿಡುತ್ತೀರಿ.

ಪ್ರಶ್ನೆ: ಸರ್, ಬ್ಯಾಶ್‌ಆರ್‌ಸಿಯಲ್ಲಿ ಪಾತ್ ಬದಲಿಸಿದ ಮೇಲೆ ಎಲ್‌ಎಸ್, ನ್ಯಾನೋ ಯಾವುದೂ ಸಿಗುತ್ತಿಲ್ಲ. ಸಿಡಿ ಮಾತ್ರ ನಡೆಯುತ್ತದೆ. ಉಬುಂಟು ಮತ್ತೆ ಹಾಕಬೇಕೇ?
— ಬಿ.ಸಿ.ಎ. ವಿದ್ಯಾರ್ಥಿನಿ, ಲಕ್ಷ್ಮೇಶ್ವರ

ಉತ್ತರ: ಬೇಡಮ್ಮ, ಏನೂ ಅಳಿಸಿಹೋಗಿಲ್ಲ. ಸಾಲಿನಲ್ಲಿ ಡಾಲರ್-ಪಾತ್ ಬಿಟ್ಟಿದ್ದೀಯ, ಹಳೆಯ ಪಟ್ಟಿ ಹೋಗಿ ಹೊಸ ಫೋಲ್ಡರೊಂದೇ ಉಳಿದಿದೆ. ಸಿಡಿ ಶೆಲ್‌ನೊಳಗಿನದೇ ಆದ್ದರಿಂದ ಅದಕ್ಕೆ ಪಟ್ಟಿ ಬೇಕಿಲ್ಲ. ನ್ಯಾನೋವನ್ನು ಪೂರ್ತಿ ವಿಳಾಸದಿಂದ ಕರೆ: ಸ್ಲ್ಯಾಶ್-ಯುಎಸ್‌ಆರ್-ಸ್ಲ್ಯಾಶ್-ಬಿನ್-ಸ್ಲ್ಯಾಶ್-ನ್ಯಾನೋ. ಅದರಲ್ಲಿ ಡಾಟ್-ಬ್ಯಾಶ್‌ಆರ್‌ಸಿ ತೆರೆದು ಆ ಸಾಲು ತಿದ್ದಿ ಉಳಿಸಿ, ಹೊಸ ಟರ್ಮಿನಲ್ ತೆರೆ.