ಒಂದೇ ಗಾಳ, ಇಬ್ಬರು: ಕೊಲ್ಹಾರದ ಹಿನ್ನೀರಿನ ದಡದಲ್ಲಿ ಮಕ್ಕಳಿಗೆ ಮೀನು ಹಿಡಿಯಲು ಕಲಿಸುವುದು ಹೇಗೆ?

ವಿಜಯಪುರದ ಇಬ್ರಾಹಿಂಪುರದವರಿಗೆ ಕಡಲು ದೂರ. ಕಾರವಾರ ನೋಡಬೇಕೆಂದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಆದರೆ ಅದೇ ಹುಬ್ಬಳ್ಳಿ ರಸ್ತೆ ಹಿಡಿದು ಒಂದು ತಾಸು ಹೋದರೆ ಕೊಲ್ಹಾರ ಬರುತ್ತದೆ. ಅಲ್ಲಿ ಕೃಷ್ಣೆಯ ಉದ್ದ ಸೇತುವೆಯ ಮೇಲೆ ಬಸ್ಸು ಏರಿದಾಗ ಎರಡೂ ಕಿಟಕಿಯಲ್ಲಿ ನೀರೇ ನೀರು. "ಅಪ್ಪಾ, ಇದ ಸಮುದ್ರ ಏನ್ರಿ?" ಅಂತ ನನ್ನ ಮಗಳು ಕೇಳಿದ್ದು ಅಲ್ಲೇ.

ಅದು ಆಲಮಟ್ಟಿ ಜಲಾಶಯದ ಹಿನ್ನೀರು. 1964ರಲ್ಲಿ ಶಂಕುಸ್ಥಾಪನೆ ಮಾಡಿದ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರೇ ಆ ಜಲಾಶಯಕ್ಕಿದೆ. ತುಂಬಿದಾಗ ಅದರ ಮಟ್ಟ ಸಮುದ್ರಕ್ಕಿಂತ 519.60 ಮೀಟರ್ ಮೇಲೆ. ಅಂದರೆ ನಮ್ಮ ಜಿಲ್ಲೆಯ ಕಡಲು ನಿಜವಾದ ಕಡಲಿಗಿಂತ ಅರ್ಧ ಕಿಲೋಮೀಟರ್ ಎತ್ತರದಲ್ಲಿದೆ. ಅಲೆ ಸಣ್ಣವು, ನೀರು ಸಿಹಿ, ಅಷ್ಟೇ ವ್ಯತ್ಯಾಸ. ಮರಳದಂಡೆಯಲ್ಲಿ ನಿಂತು ಗಾಳ ಎಸೆಯುವವರು ಮಾಡುವ ಕೆಲಸವನ್ನೆಲ್ಲ ಇಲ್ಲಿಯೂ ಮಾಡಬಹುದು.

ಮೊದಲ ಸಲ ನಾನು ಎರಡು ಗಾಳ ಒಯ್ದಿದ್ದೆ, ಅವಳಿಗೊಂದು, ನನಗೊಂದು. ಅವಳ ದಾರ ಸಿಕ್ಕಾಗಿ ಕೂತಿತು. ನನ್ನ ಗಾಳಕ್ಕೆ ಮೀನು ಬಿತ್ತು. ನಾನು ಅದರ ಹಿಂದೆ ಬಿದ್ದೆ, ಅವಳು ನೀರಿಗೆ ಕಲ್ಲು ಒಗೆಯುತ್ತ ಕೂತಳು. ಮನೆಗೆ ಬರುವವರೆಗೆ ಮಾತಿಲ್ಲ. ಈ ಬರಹದ ಮೊದಲ ನಿಯಮ ಆ ದಿನದ್ದು: ಮಗುವಿನ ಜೊತೆ ಹೋದಾಗ ಗಾಳ ಒಂದೇ ಇರಲಿ, ಅದು ಮಗುವಿನ ಕೈಯಲ್ಲಿರಲಿ.

ಹಂತ 1: ನೀರು ಮತ್ತು ಕಾಲ ಆರಿಸಿ

ಎಲ್ಲ ನೀರೂ ಗಾಳ ಹಾಕುವ ನೀರಲ್ಲ. ಭೂತನಾಳ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಅದನ್ನು ಬಿಟ್ಟುಬಿಡಿ. ಮುಳವಾಡ ಏತ ನೀರಾವರಿ ಬಂದ ಮೇಲೆ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಆಲಮಟ್ಟಿಯ ನೀರು ಹರಿದಿದೆ. ಆದರೆ ಕೆರೆಗಳಲ್ಲಿ ಮೀನು ಸಾಕಿ ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರಿಗೋ ಅವರ ಸಹಕಾರ ಸಂಘಕ್ಕೋ ಗುತ್ತಿಗೆಗೆ ಕೊಟ್ಟಿರುತ್ತಾರೆ. ಅಲ್ಲಿ ಕೇಳದೆ ಗಾಳ ಹಾಕುವುದೂ ಇನ್ನೊಬ್ಬರ ಹೊಲದ ಶೇಂಗಾ ಕಿತ್ತಂತೆಯೇ. ಹಿನ್ನೀರಿಗೂ ನಿಯಮ ಇದೆ. ಒಳನಾಡು ಮೀನುಗಾರಿಕೆಗೆಂದೇ ರಾಜ್ಯದಲ್ಲಿ 1996ರ ಕಾಯ್ದೆ ಇದೆ. ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ, ದಡದಲ್ಲಿ ಬಲೆ ಒಣಗಿಸುವವರನ್ನೂ ಮಾತಾಡಿಸಿ. ಕಚೇರಿ ಹೇಳದ್ದನ್ನು ಅವರು ಹೇಳುತ್ತಾರೆ: ಯಾವ ಕಡೆ ಆಳ, ಯಾವ ಕಡೆ ಕೆಸರು, ಮೊಸಳೆ ಎಲ್ಲಿ ಬಿಸಿಲಿಗೆ ಬರುತ್ತದೆ.

ಕಾಲ ಎಂದರೆ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಕೃಷ್ಣೆ ಕೆಂಪಾಗಿ ಏರುತ್ತಾಳೆ, ದಡ ದಿನಕ್ಕೊಂದು ಕಡೆ ಇರುತ್ತದೆ. ಹೆಚ್ಚಿನ ಮೀನು ಮೊಟ್ಟೆ ಇಡುವ ಕಾಲವೂ ಅದೇ. ಬೇಸಿಗೆಯಲ್ಲಿ ನೀರು ಇಳಿದು ನಡುವೆ ಎರೆಮಣ್ಣಿನ ಕೆಸರು ಉಳಿಯುತ್ತದೆ. ಚಳಿಗಾಲದಲ್ಲಿ ನೀರು ಸ್ಥಿರ, ಬಿಸಿಲು ಹಿತ.

ಹಂತ 2: ಸಾಮಾನು ಕೂಡಿಸಿ

- ಒಂದರೊಳಗೊಂದು ಮಡಚುವ, ಆರೇಳು ಅಡಿಯ ಕೋಲು ಮತ್ತು ಸಣ್ಣ ರೀಲು. ಮಗು ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ ಇರಲಿ.
- 0.30 ಮಿ.ಮೀ. ದಪ್ಪದ ನೈಲಾನ್ ದಾರ.
- 8 ಅಥವಾ 10ನೇ ನಂಬರಿನ ಕೊಕ್ಕೆ, ಹತ್ತು. ಅಂಕಿ ಹೆಚ್ಚಾದಂತೆ ಕೊಕ್ಕೆ ಸಣ್ಣದು.
- ನಡುವೆ ತೂತಿರುವ 20ರಿಂದ 30 ಗ್ರಾಂ ಸೀಸದ ಗುಂಡು, ಒಂದೆರಡು ಮಣಿ, ತಿರುಗುವ ಸಣ್ಣ ಕೊಂಡಿ.
- ಒಂದು ಗೆಜ್ಜೆ. ಎತ್ತಿನ ಕೊರಳಪಟ್ಟಿಯಿಂದ ಉದುರಿದ್ದೂ ನಡೆಯುತ್ತದೆ.
- ಇಕ್ಕಳ, ಕತ್ತರಿ, ಹಳೆಯ ಒದ್ದೆ ಬಟ್ಟೆ, ಬಕೆಟ್ಟು.
- ಮಗುವಿನ ಅಳತೆಯ ಲೈಫ್ ಜಾಕೆಟ್. ಮೂತಿಗೆ 15 ಮೀಟರ್ ಹಗ್ಗ ಕಟ್ಟಿದ, ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು. ಯಾರಾದರೂ ಜಾರಿ ಬಿದ್ದರೆ ಮೊದಲು ಎಸೆಯುವುದು ಇದನ್ನು.

ಗುಂಡನ್ನು ಹಲ್ಲಿನಿಂದ ಕಚ್ಚಲು ಮಕ್ಕಳನ್ನು ಬಿಡಬೇಡಿ. ಸೀಸ ವಿಷ. ಮುಟ್ಟಿದ ಕೈಯನ್ನು ಬುತ್ತಿ ಬಿಚ್ಚುವ ಮೊದಲು ತೊಳೆಯಬೇಕು.

ಹಂತ 3: ಒಂದೇ ಗಂಟು ಕಲಿಯಿರಿ

ದಾರವನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ ಗೇಣಿನಷ್ಟು ಈಚೆ ಎಳೆಯಿರಿ. ಆ ತುದಿಯನ್ನು ಉದ್ದ ದಾರಕ್ಕೆ ಐದು ಸುತ್ತು ಸುತ್ತಿ. ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ, ತುದಿಯನ್ನು ಅದರೊಳಗೆ ಹಾಯಿಸಿ. ಉಗುಳು ಹಚ್ಚಿ ಮೆಲ್ಲಗೆ ಬಿಗಿಯಿರಿ. ಒಣದಾರ ಬಿಗಿದರೆ ತಿಕ್ಕಾಟಕ್ಕೆ ಬಿಸಿಯಾಗಿ ಸತ್ವ ಕಳೆದುಕೊಳ್ಳುತ್ತದೆ. ಮಗುವಿಗೆ ಕಲಿಸುವಾಗ ಕೊಕ್ಕೆ ಬೇಡ, ಬೀಗದ ಕೈಯೂ ಶೂ ಲೇಸೂ ಸಾಕು.

ಕಟ್ಟುವ ಕ್ರಮ ಹೀಗೆ: ರೀಲಿನಿಂದ ಬಂದ ದಾರಕ್ಕೆ ಗುಂಡು ಪೋಣಿಸಿ, ಅದರ ಕೆಳಗೆ ಮಣಿ, ನಂತರ ಕೊಂಡಿ ಕಟ್ಟಿ. ಕೊಂಡಿಯ ಇನ್ನೊಂದು ಬದಿಗೆ ಮೊಳದುದ್ದ ದಾರ, ಅದರ ತುದಿಗೆ ಕೊಕ್ಕೆ. ಗುಂಡು ತಳದಲ್ಲಿ ಕೂತಿರುತ್ತದೆ, ಮೀನು ಮೇವು ಎಳೆದಾಗ ದಾರ ಗುಂಡಿನ ತೂತಿನೊಳಗೆ ಸರಾಗ ಜಾರುತ್ತದೆ. ಭಾರ ಗೊತ್ತಾಗದ ಮೀನು ಮೇವು ಉಗುಳಿ ಓಡುವುದಿಲ್ಲ. ಕಡಲದಂಡೆಯ ಗಾಳದಲ್ಲೂ ಇದೇ ಉಪಾಯ.

ಐದಾರು ವರ್ಷದ ಮಗುವಾದರೆ ಬಿದಿರಕೋಲು, ಬೆಂಡು ಸಾಕು. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗಿನ ಬೆಂಡು ನೀರಿನ ಮೇಲೆ ಚೆನ್ನಾಗಿ ತೇಲುತ್ತದೆ. ಬೆಂಡು ಮುಳುಗುವುದನ್ನು ಕಣ್ಣಾರೆ ನೋಡುವ ಸುಖ ರೀಲಿನಲ್ಲಿ ಇಲ್ಲ.

ಹಂತ 4: ನೀರಿಲ್ಲದ ಕಡೆ ಎಸೆದು ನೋಡಿ

ಹೋಗುವ ಹಿಂದಿನ ವಾರ ಬಯಲಿನಲ್ಲಿ ಕೊಕ್ಕೆ ಇಲ್ಲದೆ, ಗುಂಡಿನ ಬದಲು ನಟ್ಟು ಕಟ್ಟಿ ಅಭ್ಯಾಸ ಮಾಡಿ. ರೈಲುಹಳಿ, ಕರೆಂಟಿನ ತಂತಿ ಇರುವ ಕಡೆ ಬೇಡ. ತೋರುಬೆರಳಿನಿಂದ ದಾರ ಹಿಡಿದು, ರೀಲಿನ ತಂತಿಕಮಾನು ತೆರೆದು, ಕೋಲನ್ನು ಭುಜದ ಹಿಂದಿನಿಂದ ಮುಂದಕ್ಕೆ ತರಬೇಕು. ಕೋಲು ತಲೆ ದಾಟಿ ಮುಂದೆ ಬಂದಾಗ ಬೆರಳು ಬಿಡಬೇಕು. ಬೇಗ ಬಿಟ್ಟರೆ ನಟ್ಟು ಆಕಾಶಕ್ಕೆ, ತಡವಾದರೆ ಕಾಲ ಮುಂದೆ. ಹತ್ತು ಹೆಜ್ಜೆ ದೂರಕ್ಕೆ ಪುಟ್ಟಿ ಇಟ್ಟು ಅದರೊಳಗೆ ಬೀಳಿಸುವ ಆಟ ಆಡಿ. ದೂರ ಎಸೆಯುವುದಕ್ಕಿಂತ ಅಂದುಕೊಂಡ ಕಡೆ ಎಸೆಯುವುದು ಮೇಲು, ಮೀನು ಬಹಳ ಸಲ ದಂಡೆಯ ಹತ್ತಿರವೇ ಮೇಯುತ್ತದೆ.

ಎಸೆಯುವ ಮೊದಲು ಹಿಂದೆ ತಿರುಗಿ ನೋಡಿ "ಒಗೀತೀನಿ" ಎಂದು ಕೂಗುವ ರೂಢಿಯನ್ನೂ ಇಲ್ಲೇ ಮಾಡಿಸಿ. ಕೂಗದೆ ಎಸೆದರೆ ಆ ಸರದಿ ಹೋಯಿತು.

ಹಂತ 5: ಮೇವು ನಾದಿ

ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೆ ನೀರಿಗೆ ಬಿದ್ದ ಕೂಡಲೇ ಕರಗುತ್ತದೆ. ರೊಟ್ಟಿಗೆ ಮಾಡುವಂತೆ ಎಸರು ಹಾಕಿ ನಾದಿದರೆ ಜಿಗುಟು ಬರುತ್ತದೆ. ಇನ್ನಷ್ಟು ಗಟ್ಟಿ ಬೇಕೆಂದರೆ ಒಂದು ಹಿಡಿ ಗೋಧಿಹಿಟ್ಟು ಸೇರಿಸಿ. ವಾಸನೆಗೆ ದನಕ್ಕೆ ಹಾಕುವ ಶೇಂಗಾ ಹಿಂಡಿ ಪುಡಿ ಮಾಡಿ ಹಾಕಿ. ರೊಟ್ಟಿ ಜೊತೆ ತಿನ್ನುವ ಖಾರದ ಹಿಂಡಿ ಅಲ್ಲ! ಎರಡಕ್ಕೂ ನಮ್ಮಲ್ಲಿ ಹೆಸರು ಒಂದೇ, ಡಬ್ಬಿ ಬೇರೆ ಇರಲಿ. ಈ ಉಂಡೆಗೆ ಗೆಂಡೆ, ರೋಹು, ಜಿಲೇಬಿ ಮೀನು ಬರುತ್ತವೆ. ಮೀಸೆಯ ಮೀನುಗಳಿಗೆ ಎರೆಹುಳು ಒಳ್ಳೆಯದು. ಹುಳವನ್ನು ಒದ್ದೆ ಮಣ್ಣಿನ ಡಬ್ಬಿಯಲ್ಲಿ ನೆರಳಿಗಿಡಿ.

ಎಸೆಯುವ ಜಾಗಕ್ಕೆ ಮೊದಲೇ ಎರಡು ಹಿಡಿ ಹಿಂಡಿ ಚೆಲ್ಲಿ ಮೀನನ್ನು ಕರೆಯುವ ರೂಢಿ ಇದೆ. ಈ ಸೀಮೆಯನ್ನು ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿ, ಅವಕ್ಕೆ ಒಗ್ಗುವ ಮೇವು, ಗಾಳ ಹಾಕುವ ಬಗೆ ಎಲ್ಲ ಅಲ್ಲಿ ಬರುತ್ತದೆ. ಅರಸನಿಗೂ ವಿನೋದವಾಗಿದ್ದ ಕೆಲಸ ಇದು ಎಂದು ಮಗಳಿಗೆ ಹೇಳಿದೆ. "ಅವರ ಹಿಟ್ಟ ಯಾರ ನಾದತಿದ್ರು?" ಅಂದಳು. ಅಂದಿನಿಂದ ನಾದುವ ಕೆಲಸ ನನ್ನದು.

ಹಂತ 6: ನಿಲ್ಲುವ ಜಾಗ ಗುರುತಿಸಿ

ಈ ಹಂತದಲ್ಲಿ ಮಾತ್ರ ಮಗುವಿನ ಮಾತು ನಡೆಯಬಾರದು. ಕೃಷ್ಣೆಯಲ್ಲಿ ಮೊಸಳೆಗಳಿವೆ. ಕಲ್ಲುಹಾಸಿನ ಅಥವಾ ಗಟ್ಟಿ ಮಣ್ಣಿನ, ಸುತ್ತ ಆಪು ಬೆಳೆಯದ, ನೀರು ಚೆನ್ನಾಗಿ ಕಾಣುವ ತೆರೆದ ದಡವನ್ನೇ ಆರಿಸಿ. ನೀರಿನ ಅಂಚಿನಿಂದ ಐದು ದೊಡ್ಡ ಹೆಜ್ಜೆ ಹಿಂದೆ ನೆಲದ ಮೇಲೆ ಗೆರೆ ಎಳೆಯಿರಿ. ಎಸೆಯುವುದು, ಕೂರುವುದು, ಉಣ್ಣುವುದು ಎಲ್ಲ ಗೆರೆಯ ಈಚೆಗೆ. ಗೆರೆ ದಾಟುವುದು ದೊಡ್ಡವರು ಮಾತ್ರ, ಅದೂ ನೀರು ನೋಡಿಕೊಂಡು. ಕೈಕಾಲು ತೊಳೆಯಲು ನೀರಿಗೆ ಇಳಿಯಬೇಡಿ, ಕ್ಯಾನಿನಲ್ಲಿ ಮನೆಯ ನೀರು ಒಯ್ಯಿರಿ. ಮೀನಿನ ಕರುಳು ದಡದಲ್ಲಿ ಚೆಲ್ಲಬೇಡಿ. ಹೊತ್ತು ಮುಳುಗುವ ಒಂದು ತಾಸು ಮೊದಲೇ ಹೊರಡಿ.

ಮೊಸಳೆಗಿಂತ ಹತ್ತಿರದ ಅಪಾಯ ಎರೆಮಣ್ಣು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕಾಲಿಟ್ಟರೆ ಮೊಣಕಾಲಿನ ತನಕ ಒಳಗೆ. ಕೋಲಿನಿಂದ ಕುಟ್ಟಿ ನೋಡಿ ಮುಂದೆ ಹೋಗಿ. ದಡದುದ್ದಕ್ಕೂ ರೈತರ ಮೋಟಾರುಗಳ ವೈರು ಹಾದಿರುತ್ತವೆ, ಅವುಗಳಿಂದ ದೂರ ನಿಲ್ಲಿ. ಸೇತುವೆಯ ಮೇಲಿಂದ ಗಾಳ ಹಾಕಲೇಬೇಡಿ, ಅದು ಹೆದ್ದಾರಿ.

ಹಂತ 7: ಎಸೆದು ಕಾಯಿರಿ

ಗುಂಡು ತಳ ಮುಟ್ಟಿದಾಗ ದಾರ ಸಡಿಲಾಗುತ್ತದೆ. ರೀಲು ಸುತ್ತಿ ದಾರ ಬಿಗಿ ಮಾಡಿ, ಕವಲುಕೋಲು ನೆಟ್ಟು ಅದಕ್ಕೆ ಗಾಳ ಆನಿಸಿ, ತುದಿಗೆ ಗೆಜ್ಜೆ ಕಟ್ಟಿ. ಗಾಳ ಎಲ್ಲಿಗೋ ಸಿಕ್ಕಿಕೊಂಡರೆ ಸಿಟ್ಟಾಗಬೇಡಿ. ಈ ನೀರಿನ ಅಡಿಯಲ್ಲಿ ಮುಳುಗಿದ ಊರುಗಳ ಗೋಡೆಗಳಿವೆ, ಗಿಡದ ಬೊಡ್ಡೆಗಳಿವೆ. ದಾರ ಕತ್ತರಿಸಿ ಹೊಸ ಕೊಕ್ಕೆ ಕಟ್ಟಿ. ಹತ್ತು ಕೊಕ್ಕೆ ಒಯ್ಯಲು ಹೇಳಿದ್ದು ಇದಕ್ಕೇ.

ಕಾಯುವುದು ಮಕ್ಕಳಿಗೆ ಕಷ್ಟ. ಇಪ್ಪತ್ತು ನಿಮಿಷಕ್ಕೊಮ್ಮೆ ಗಾಳ ಎತ್ತಿ ಮೇವು ಬದಲಿಸುವ ಜವಾಬ್ದಾರಿ ಕೊಡಿ. ನಡುವೆ ಬುತ್ತಿ ಬಿಚ್ಚಿ. ಎರಡು ತಾಸಿಗೆ ಮುಗಿಸಿ, ಇನ್ನೂ ಬೇಕು ಅನ್ನುವಾಗಲೇ ಎದ್ದರೆ ಮುಂದಿನ ಸಲ ಅವರೇ ಹೊರಡಿಸುತ್ತಾರೆ. ನಿಮ್ಮ ಫೋನು ಚೀಲದಲ್ಲಿರಲಿ.

ಹಂತ 8: ಗೆಜ್ಜೆ ಕುಣಿದಾಗ

ಒಮ್ಮೆ ಝಲ್ ಎಂದರೆ ಮೀನು ಮುಟ್ಟಿ ನೋಡುತ್ತಿದೆ, ಬಿಡಿ. ಎಡೆಬಿಡದೆ ಕುಣಿದು ಕೋಲು ಬಾಗಿದರೆ ಮೆಲ್ಲಗೆ ಮೇಲಕ್ಕೆತ್ತಿ ಸುತ್ತಬೇಕು. ಮೀನು ಎಳೆದಾಗ ಸುತ್ತಬಾರದು, ನಿಂತಾಗ ಸುತ್ತಬೇಕು. ಆಗ ನಿಮ್ಮ ಕೈ ಗಾಳದ ಕಡೆ ತಾನೇ ಹೋಗುತ್ತದೆ. ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ತಪ್ಪಿಸಿಕೊಂಡ ಮೀನು ಮಗುವಿನದು, ನೀವು ಎಳೆದುಕೊಟ್ಟ ಮೀನು ನಿಮ್ಮದು.

ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿ, ಒಣ ಕೈ ಅದರ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ. ಮೀಸೆಯ ಮೀನಾದರೆ ಕೊಕ್ಕೆ ತೆಗೆಯುವ ಕೆಲಸ ದೊಡ್ಡವರದು: ಅನೇಕ ಜಾತಿಗಳಿಗೆ ಎರಡೂ ಪಕ್ಕೆಗೆ ಚೂಪು ಮುಳ್ಳಿದೆ, ಚೇಳುಮೀನಿನದಂತೂ ಚುಚ್ಚಿದರೆ ಹೆಸರಿಗೆ ತಕ್ಕ ನೋವು. ಒದ್ದೆ ಬಟ್ಟೆಯಲ್ಲಿ ಹಿಡಿದು ಇಕ್ಕಳದಿಂದ ತೆಗೆಯಿರಿ.

ಹಂತ 9: ಬಿಡುವುದೋ, ತರುವುದೋ

ಅಂಗೈಗಿಂತ ಸಣ್ಣ ಕಟ್ಲಾ, ರೋಹು, ಗೆಂಡೆ ಸಿಕ್ಕರೆ ಬಿಟ್ಟುಬಿಡಿ. ಬೆಳೆದರೆ ಅವು ಮೀನುಗಾರರ ಮನೆಯ ಅನ್ನ. ಜಿಲೇಬಿಗೆ ಆ ಮುಲಾಜು ಬೇಡ, ಆಫ್ರಿಕಾದಿಂದ ಬಂದು ಇಲ್ಲಿಯ ನೀರನ್ನೆಲ್ಲ ಆಕ್ರಮಿಸಿದ ಮೀನು ಅದು. ತರುವ ಮೀನನ್ನು ಒದ್ದಾಡಿಸದೆ ತಲೆಗೆ ಒಂದೇ ಏಟು ಕೊಟ್ಟು ಬಕೆಟ್ಟಿಗೆ ಹಾಕಿ. ಉಣ್ಣುವಷ್ಟೇ ತನ್ನಿ. ತುಂಡು ದಾರವನ್ನೂ ಆರಿಸಿ ತನ್ನಿ, ಬಿಟ್ಟರೆ ಹಕ್ಕಿಯ ಕಾಲಿಗೆ ಸುತ್ತುತ್ತದೆ. ಬರುವಾಗ ಕೊಲ್ಹಾರದ ಗಡಿಗೆ ಮೊಸರು ಮರೆಯಬೇಡಿ. ಮೀನಿನ ಜೊತೆ ಮೊಸರು ಉಣ್ಣಬಾರದೆನ್ನುವ ಅಜ್ಜಿ ಮನೆಯಲ್ಲಿದ್ದರೆ ಅದು ನಾಳೆಗೆ.

ಹಂತ 10: ಒಂದು ದಿನ ನಿಜವಾದ ಕಡಲಿಗೆ

ಇಷ್ಟು ಕಲಿತ ಮಗು ಕಾರವಾರದ ದಂಡೆಯಲ್ಲೂ ನಿಲ್ಲಬಲ್ಲದು. ಅಲ್ಲಿ ಬದಲಾಗುವುದು ಸ್ವಲ್ಪ: ಅಲೆ ಎಳೆಯದಂತೆ ಗುಂಡು ಭಾರ ಇರಲಿ, ಮೇವಿಗೆ ಸಿಗಡಿ ಇರಲಿ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಇರುವುದರಿಂದ ನೀವೆಳೆದ ಗೆರೆಯೂ ಹಿಂದೆ ಮುಂದೆ ಸರಿಯಬೇಕು. ಸಂಜೆ ರೀಲನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಆ ಕಡೆ ಹೋಗಲೇಬೇಡಿ.

ನಾವಿನ್ನೂ ಹೋಗಿಲ್ಲ. ಕಳೆದ ಸಲ ಕೊಲ್ಹಾರದಲ್ಲಿ ಬಸ್ಸಿಳಿದು ದಡಕ್ಕೆ ಹೋದಾಗ, ನಾನು ಚೀಲ ಇಳಿಸುವುದರೊಳಗೆ ಮಗಳು ಕೋಲಿನಿಂದ ನೆಲ ಕುಟ್ಟಿ ನೋಡಿ, ಐದು ಹೆಜ್ಜೆ ಅಳೆದು, ಗೆರೆ ಎಳೆದಿದ್ದಳು. ಆಮೇಲೆ ನನ್ನತ್ತ ತಿರುಗಿ, "ಅಪ್ಪಾ, ಗೆರಿ ದಾಟಬ್ಯಾಡ್ರಿ ಮತ್ತ" ಅಂದಳು.